ಮೊಸರಲ್ಲಿ ಸಿಕ್ಕ ಕಲ್ಲು

ಆ ಮನೆಯಲ್ಲಿ ಮೂವರು ವಕೀಲರು: ಮಾವ, ಮತ್ತೆ ಇಬ್ಬರು ಸೊಸೆಯರು. ಗಂಡುಮಕ್ಕಳಿಬ್ಬರೂ ಕಾನೂನಿನ ತಂಟೆಗೇ ಹೋಗಲಿಲ್ಲ. ದೊಡ್ಡವನು ಹಲ್ಲಿನ ಡಾಕ್ಟರಾದ, ಚಿಕ್ಕವನು ಸೇತುವೆ ಕಟ್ಟಿಸುವ ಎಂಜಿನಿಯರಾಗಿ ವರ್ಷದಲ್ಲಿ ಅರ್ಧ ಕಾಲ ಯಾವುದೋ ನದಿ ದಡದಲ್ಲಿರುತ್ತಿದ್ದ. "ನನ್ನ ಮನೆ ಮಕ್ಕಳಿಗೆ, ನನ್ನ ಕಕ್ಷಿದಾರರು ಸೊಸೆಯರಿಗೆ" ಅಂತ ಮಾವ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಮನೆಯ ಕೆಳಗಿನ ಮಹಡಿಯೇ ಆಫೀಸು. ಮುಂದಿನ ಕೋಣೆಯಲ್ಲಿ ಕಕ್ಷಿದಾರರು ಕೂರುವ ಬೆಂಚು, ಅದರ ಎದುರು ಗುಮಾಸ್ತನ ಮೇಜು. ಯಾವ ಕೆಲಸ ಹೇಳಿದರೂ ನಾಳೆಗೆ ದೂಡುತ್ತಿದ್ದ ಆ ಗುಮಾಸ್ತನಿಗೆ ಎಲ್ಲರೂ ಇಟ್ಟ ಹೆಸರು ವಾಯಿದೆ. ಒಳಕೋಣೆಯಲ್ಲಿ ಮಾವನ ದೊಡ್ಡ ಕುರ್ಚಿ, ಮೂರು ಗೋಡೆ ತುಂಬ ತೀರ್ಪುಗಳ ದಪ್ಪ ದಪ್ಪ ಸಂಪುಟಗಳು.

ದೊಡ್ಡ ಸೊಸೆ ಈ ಮನೆಗೆ ಬಂದಾಗ ಅವಳ ಕರಿಕೋಟಿನ ಮಡಿಕೆ ಇನ್ನೂ ಮುರಿದಿರಲಿಲ್ಲ. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವಳು. ವಾದ ಹೇಗೆ ಕಟ್ಟಬೇಕು, ಎಲ್ಲಿ ಬಾಯಿ ಮುಚ್ಚಬೇಕು, ನ್ಯಾಯಾಧೀಶರು ಕನ್ನಡಕ ತೆಗೆದರೆ ಏನರ್ಥ, ಎಲ್ಲ ಕಲಿಸಿದವರು ಮಾವ. ಅವಳು ಅದಕ್ಕೆ ಪ್ರತಿಯಾಗಿ ಆ ಮೂರು ಗೋಡೆಗಳನ್ನು ತಲೆಯೊಳಗೆ ಇಟ್ಟುಕೊಂಡಳು. "ದೊಡ್ಡವಳೇ, ಆ ಹಂಚಿಕೆ ಬಾವಿಯ ಕೇಸು ಎಲ್ಲಿತ್ತು?" ಅಂತ ಮಾವ ಕುರ್ಚಿಯಿಂದ ಕೂಗಿದರೆ, ಆಚೆ ಕೋಣೆಯಿಂದಲೇ ಅವಳು, "ಬಾಗಿಲ ಬಲಗಡೆ, ಕೆಳಗಿನ ಸಾಲು, ಬೈಂಡು ಕಿತ್ತಿರೋದು" ಅನ್ನುತ್ತಿದ್ದಳು. ಎದ್ದು ನೋಡಬೇಕಾಗಿರಲಿಲ್ಲ. ಮಾವ ಹಾಗೆ ಕೂಗಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಚಿಕ್ಕವಳು ಬಂದ ಮೇಲೂ ಒಂದಷ್ಟು ಕಾಲ ಹೀಗೇ ನಡೆಯಿತು. ಆಮೇಲೆ ಮಾವನ ಕಣ್ಣಿಗೆ ಪೊರೆ ಬಂತು, ಆಪರೇಷನ್ ಆಯಿತು. ಸಂಪುಟಗಳ ಸಣ್ಣ ಅಕ್ಷರ ಅವರಿಗೆ ಇರುವೆ ಸಾಲಿನ ಹಾಗೆ ಕಾಣತೊಡಗಿತು. ಚಿಕ್ಕವಳು ತನ್ನ ಕಂಪ್ಯೂಟರನ್ನು ಅವರ ಮುಂದೆ ಇಟ್ಟು, ಅಕ್ಷರಗಳನ್ನು ಹೆಬ್ಬೆರಳಿನ ಗಾತ್ರ ಮಾಡಿ ತೋರಿಸಿದಳು. ಮಾವ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಕೂಗು ಬದಲಾಯಿತು. "ಚಿಕ್ಕವಳೇ, ಒಂದು ನೋಡಮ್ಮ ಅದರಲ್ಲಿ."

ದೊಡ್ಡವಳು ಬಾಗಿಲ ಬಲಗಡೆಯ ಸಾಲನ್ನು ನೆನೆಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಚಿಕ್ಕವಳ ದನಿ ಕೇಳುತ್ತಿತ್ತು: "ಸಿಕ್ತು ಮಾವ!"

ಆ "ಸಿಕ್ತು ಮಾವ" ಎನ್ನುವುದು ದೊಡ್ಡವಳ ಕಿವಿಗೆ ಕಾದ ಸೀಸ ಹೊಯ್ದ ಹಾಗಾಗುತ್ತಿತ್ತು.

ಹೀಗಿರುವಾಗ ವಕೀಲರ ಸಂಘದವರು ಬಂದು, ಅಂತರ್ಜಾಲದಲ್ಲಿ ತೀರ್ಪು ಹುಡುಕುವ ಬಗ್ಗೆ ಸದಸ್ಯರಿಗೆ ಒಂದು ಉಪನ್ಯಾಸ ಕೊಡಿ ಅಂತ ಮಾವನನ್ನು ಕೇಳಿದರು. ಮಾವ ಯೋಚನೆಯನ್ನೂ ಮಾಡಲಿಲ್ಲ. "ನನಗೇನು ಬರುತ್ತೆ? ನಮ್ಮ ಚಿಕ್ಕವಳು ಮಾಡ್ತಾಳೆ" ಅಂದುಬಿಟ್ಟರು. ಬಂದವರಿಗೆ ಕಾಫಿ ತಂದಿಟ್ಟವಳು ದೊಡ್ಡವಳು. ತಟ್ಟೆ ಎತ್ತಿಕೊಂಡು ಒಳಗೆ ಹೋಗುವಾಗ ಒಂದು ಲೋಟ ಅವಳ ಕೈಜಾರಿ ಒಡೆಯಿತು. "ಹೋಗ್ಲಿ ಬಿಡು, ಹಳೇ ಲೋಟ" ಅಂದರು ಮಾವ. ಆ ಮಾತೂ ಅವಳಿಗೆ ಚುಚ್ಚಿತು.

ಉಪನ್ಯಾಸದ ದಿನ ದೊಡ್ಡವಳು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಳು. ತಂಗಿಯಂಥವಳು ತಡವರಿಸಿದರೆ ಕಣ್ತುಂಬ ನೋಡಬೇಕು ಎನ್ನುವುದೇ ಅವಳ ಆಸೆಯಾಗಿತ್ತು. ಆದರೆ ಚಿಕ್ಕವಳು ತಡವರಿಸಲಿಲ್ಲ.

"ಕಕ್ಷಿದಾರರು ನಮಗೆ ಕಥೆ ಹೇಳೋ ಹಾಗೆ ನಾವು ಕಂಪ್ಯೂಟರಿಗೆ ಕಥೆ ಹೇಳಬಾರದು" ಅಂತ ಶುರುಮಾಡಿದಳು. ಸಭೆ ನಕ್ಕಿತು. "ಪಕ್ಕದ ಮನೆಯವರು ನಮ್ಮ ದಾರಿಗೆ ಬೇಲಿ ಹಾಕಿದರು ಅಂತ ಬರೆದರೆ ಬೇಲಿ ಮಾರೋ ಅಂಗಡಿ ಸಿಗುತ್ತೆ, ತೀರ್ಪು ಸಿಗಲ್ಲ. ಅದೇ ವಿಷಯವನ್ನ ನ್ಯಾಯಾಧೀಶರು ಬರೆಯೋವಾಗ ಯಾವ ಮಾತು ಬಳಸ್ತಾರೆ? ಆ ಮಾತು ಕೊಡಿ. ಎರಡು ಮೂರು ಶಬ್ದ ಜೊತೆಗೇ ಬರಬೇಕಾ? ಉದ್ಧರಣ ಚಿಹ್ನೆಯೊಳಗೆ ಕಟ್ಟಿಹಾಕಿ. ಬಿಟ್ಟರೆ ಒಂದೊಂದು ಒಂದೊಂದು ದಿಕ್ಕಿಗೆ ಓಡ್ತವೆ, ಶಾಲೆ ಬಿಟ್ಟ ಮಕ್ಕಳ ಹಾಗೆ."

ಕಕ್ಷಿದಾರರ ಹೆಸರು, ಗುಟ್ಟು ಯಾವುದನ್ನೂ ಬಿಟ್ಟಿ ಜಾಲತಾಣಗಳಲ್ಲಿ ಬರೆಯಬೇಡಿ ಅಂದಳು. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಡುವ ಹೊಸ ಯಂತ್ರಗಳು ಇಲ್ಲದ ತೀರ್ಪನ್ನೂ ಹುಟ್ಟಿಸಿ ಕೊಡುತ್ತವೆ, ಸಾಕ್ಷಿಗಿಂತ ಚೆನ್ನಾಗಿ ಸುಳ್ಳು ಹೇಳುತ್ತವೆ, ಅದಕ್ಕೇ ನ್ಯಾಯಾಲಯದ ಸ್ವಂತ ಜಾಲತಾಣದಲ್ಲಿ ತೆರೆದು ಕಣ್ಣಾರೆ ನೋಡದೆ ಏನನ್ನೂ ಬರೆಯಬೇಡಿ ಅಂದಳು. "ಕೊನೇದಾಗಿ, ಆ ತೀರ್ಪು ಇನ್ನೂ ಬದುಕಿದೆಯಾ ನೋಡಿ. ಕೆಲವು ತಾಣಗಳಲ್ಲಿ ರದ್ದಾದ ತೀರ್ಪಿನ ಪಕ್ಕ ಕೆಂಪು ಗುರುತು ಇರುತ್ತೆ. ಆದರೆ ಕೆಂಪು ಕಂಡ ತಕ್ಷಣ ಹೆದರಿ ಓಡಬೇಡಿ..."

ಆ ಮಾತು ಎಲ್ಲಿಗೆ ಮುಗಿಯಿತೋ ದೊಡ್ಡವಳು ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಮಾವ ಪಕ್ಕದವರ ಮೊಣಕೈ ತಿವಿದು, ವೇದಿಕೆಯ ಕಡೆ ಗಲ್ಲ ಎತ್ತಿ ತೋರಿಸಿ, "ನಮ್ಮ ಹುಡುಗಿ" ಅನ್ನುತ್ತಿದ್ದರು. ದೊಡ್ಡವಳಿಗೆ ಅದೊಂದೇ ಕಾಣುತ್ತಿತ್ತು, ಅದೊಂದೇ ಕೇಳುತ್ತಿತ್ತು.

ಮಾರನೆಯ ದಿನದಿಂದ ಅವಳೂ ಕಲಿಯಲು ಕೂತಳು. ಮಾವ ಮತ್ತು ಚಿಕ್ಕವಳು ಕೋರ್ಟಿಗೆ ಹೋದ ಮೇಲೆ, ವಾಯಿದೆ ಊಟ ಮುಗಿಸಿ ತೂಕಡಿಸುವ ಹೊತ್ತಿನಲ್ಲಿ, ಕಂಪ್ಯೂಟರಿನ ಮುಂದೆ ಕೂತು ಚಿಕ್ಕವಳು ಹೇಳಿದ್ದನ್ನೆಲ್ಲ ಮಾಡಿ ನೋಡಿದಳು. ಮೊದಮೊದಲು ಬೇಲಿ ಅಂಗಡಿಗಳೇ ಸಿಕ್ಕವು. ಆಮೇಲೆ ಕೈ ಕುದುರಿತು. ತೀರ್ಪಿನ ಭಾಷೆ ಅವಳಿಗೆ ಹೊಸದಲ್ಲವಲ್ಲ. ಯಾವ ಮಾತು ಕೊಟ್ಟರೆ ಯಾವ ಬಾಗಿಲು ತೆರೆಯುತ್ತದೆ ಎನ್ನುವುದು ಬೇಗ ಗೊತ್ತಾಯಿತು. ಆದರೆ ಯಾರಿಗೂ ಹೇಳಲಿಲ್ಲ. ಅವಳಿಂದ ಕಲಿತೆ ಅಂತ ಒಪ್ಪಿಕೊಳ್ಳುವುದಕ್ಕಿಂತ ಕಲಿಯಲೇ ಇಲ್ಲ ಎನ್ನಿಸಿಕೊಳ್ಳುವುದು ಮೇಲು ಅಂದುಕೊಂಡಳು.

ಆ ದಿನಗಳಲ್ಲಿ ಆಫೀಸಿಗೆ ಒಬ್ಬ ಗಡಿಯಾರ ರಿಪೇರಿಯವನು ಬಂದ. ಕಿಟಕಿಯ ಕೆಳಗೆ ಮೇಜು ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅಪ್ಪನ ಕಾಲದಿಂದ ಅದೇ ಕೋಣೆಯಲ್ಲಿ ಕೆಲಸ ಮಾಡಿದವನು. ಈಗ ಪಕ್ಕದ ಜಾಗ ಕೊಂಡವರು ಆ ಕಿಟಕಿಗೆ ಒಂದು ಮೊಳ ದೂರದಲ್ಲಿ ಗೋಡೆ ಎಬ್ಬಿಸುತ್ತಿದ್ದರು. "ಗೋಡೆ ಇನ್ನೆರಡು ಆಳೆತ್ತರ ಹೋದರೆ ನಾನು ಹಗಲಲ್ಲೇ ಕುರುಡ ಆಗ್ತೀನಿ ಸ್ವಾಮಿ. ದೀಪದ ಬೆಳಕಲ್ಲಿ ಆ ಸಣ್ಣ ಚಕ್ರಗಳ ಹಲ್ಲು ಕಾಣಲ್ಲ" ಅಂದ.

ಚಿಕ್ಕವಳು ಒಂದು ತೀರ್ಪು ಹುಡುಕಿಕೊಟ್ಟಳು. ಯಾವನೋ ಕಸೂತಿ ಕೆಲಸದವನ ಕೇಸು. ಬಹಳ ಕಾಲದಿಂದ ಬೆಳಕು ಪಡೆದವನಿಗೆ ಆ ಬೆಳಕಿನ ಮೇಲೆ ಹಕ್ಕುಂಟು, ಅವನ ಕಸುಬಿಗೆ ಎಷ್ಟು ಬೇಕೋ ಅಷ್ಟು ಬಿಡಲೇಬೇಕು ಅಂತ ಅದರಲ್ಲಿ ಬರೆದಿತ್ತು. ಮಾವ ಕುಣಿದಾಡುವುದೊಂದು ಬಾಕಿ. ಇಡೀ ವಾದವನ್ನು ಆ ತೀರ್ಪಿನ ಮೇಲೇ ನಿಲ್ಲಿಸಿದರು. ಗೋಡೆಗೆ ತಡೆಯಾಜ್ಞೆ ಕೇಳಿ ಹಾಕಿದ ಅರ್ಜಿಯ ವಿಚಾರಣೆಗೆ ದಿನ ಗೊತ್ತಾಯಿತು.

ವಿಚಾರಣೆಯ ಹಿಂದಿನ ಮಧ್ಯಾಹ್ನ ದೊಡ್ಡವಳು ಚಿಕ್ಕವಳು ಬರೆದ ಲಿಖಿತ ವಾದವನ್ನು ತೆರೆದಳು. ಕೇಳಿದರೆ ಸುಮ್ಮನೆ ನೋಡೋಣ ಅಂತ ಅನ್ನುತ್ತಿದ್ದಳೇನೋ. ನಿಜವಾಗಿ ಅವಳು ಕೂತಿದ್ದು ಮೊಸರಲ್ಲಿ ಕಲ್ಲು ಹುಡುಕಲಿಕ್ಕೆ. ಒಂದೊಂದೇ ತೀರ್ಪಿನ ಹೆಸರು ಹಾಕಿ, ತೆರೆದು, ಪುಟದ ಸಂಖ್ಯೆ ತಾಳೆ ನೋಡಿದಳು. ಎಲ್ಲ ಸರಿಯಾಗಿತ್ತು. ಒಂದೊಂದು ಸರಿಯಾಗಿದ್ದಾಗಲೂ ಅವಳ ಮುಖ ಒಂದೊಂದು ಚೂರು ಇಳಿಯಿತು. ಕೊನೆಗೆ ಕಸೂತಿಯವನ ತೀರ್ಪನ್ನು ಹಾಕಿದಳು.

ಪಕ್ಕದಲ್ಲಿ ಕೆಂಪು ಗುರುತು. "ಮೇಲ್ಮನವಿಯಲ್ಲಿ ರದ್ದು." ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿ ಇನ್ನೂ ಎರಡು ವಾರ ಕೂಡ ಆಗಿರಲಿಲ್ಲ.

ಅವಳ ಎದೆ ಡವಡವ ಹೊಡೆದುಕೊಂಡಿತು. ಭಯಕ್ಕಲ್ಲ. ಆ ಪುಟ್ಟ ಕೆಂಪು ಚುಕ್ಕೆ ಅವಳಿಗೆ ಹಣೆಗಿಟ್ಟ ಕುಂಕುಮದಷ್ಟು ಚೆಂದ ಕಂಡಿತು. ಮೇಲಿನ ನ್ಯಾಯಾಲಯದ ತೀರ್ಪು ಬಹಳ ಉದ್ದವಿತ್ತು. ಅದನ್ನು ತೆರೆದಳು, ಮೊದಲ ಪುಟ ನೋಡಿದಳು, ಮುಚ್ಚಿದಳು. ಅವಳಿಗೆ ಬೇಕಾದದ್ದು ಆಗಲೇ ಸಿಕ್ಕಿತ್ತು.

ಸಂಜೆ ಗಂಡನ ಆಸ್ಪತ್ರೆಗೆ ಹೋಗಿ, ರೋಗಿಗಳು ಮಲಗುವ ಉದ್ದ ಕುರ್ಚಿಯ ಮೇಲೆ ಕೂತು ವಿಷಯ ಹೇಳಿದಳು. ಗಂಡ ಕೈತೊಳೆಯುತ್ತ, "ಹೋಗಿ ಈಗಲೇ ಹೇಳಿಬಿಡು. ಹುಳುಕು ಕಂಡ ಮೇಲೆ ನಾಳೆ ನೋಡೋಣ ಅನ್ನಬಾರದು" ಅಂದ.

"ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ."

"ಯಾರ ಸಮಯ?" ಅಂತ ಅವನು ಕೇಳಿದ. ಅವಳು ಕುರ್ಚಿಯ ಮೇಲಿದ್ದ ದೀಪದ ಕತ್ತನ್ನು ಅತ್ತ ಇತ್ತ ತಿರುಗಿಸುತ್ತ ಕೂತಳು.

ಮನೆಗೆ ಬಂದರೆ ಚಿಕ್ಕವಳೇ ದೊಡ್ಡವಳ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹಾಳೆಗಳ ಕಟ್ಟು. "ಅಕ್ಕ, ನಾಳೆದು ಒಂದ್ಸಲ ಕಣ್ಣಾಡಿಸ್ತೀರಾ? ಯಾಕೋ ಧೈರ್ಯ ಸಾಲ್ತಿಲ್ಲ."

ಹೇಳುವುದಿದ್ದರೆ ಅದೇ ಗಳಿಗೆ. ಬಾಗಿಲು ಹಾಕಿಕೊಂಡು ಇಬ್ಬರೇ ಕೂತು ಸರಿಮಾಡಬಹುದಿತ್ತು. ದೊಡ್ಡವಳ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಬಾಯಿಂದ ಹೊರಟದ್ದೇ ಬೇರೆ. "ಮಾವನೇ ನೋಡಿದ್ದಾರಲ್ಲ. ಊರಿಗೆಲ್ಲ ಹುಡುಕೋದು ಕಲಿಸೋಳಿಗೆ ನಾನು ಹೇಳೋದೇನಿದೆ?"

ಚಿಕ್ಕವಳು ಹಾಳೆಗಳನ್ನು ಮಡಚಿಕೊಂಡು, "ಸರಿ ಅಕ್ಕ" ಅಂತ ಹೋದಳು.

ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರೂ ಸೇರಿದರು. ಗಡಿಯಾರದವನು ಒಗೆದ ಅಂಗಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ. ವಾಯಿದೆ ಅಪರೂಪಕ್ಕೆ ಹೊತ್ತಿಗೆ ಮುಂಚೆ ಬಂದು ಕಡತ ಕಟ್ಟುತ್ತಿದ್ದ. ಚಿಕ್ಕವಳು ವಾದದ ಮುಖ್ಯ ಭಾಗ ಓದಿ ಹೇಳಿದಳು. ಮಾವ ಕಣ್ಣುಮುಚ್ಚಿ ಕೇಳಿ, ತಲೆದೂಗಿ, ಗಡಿಯಾರದವನಿಗೆ ಹೇಳಿದರು: "ನೋಡಪ್ಪ, ಹುಡುಕೋದು ಅಂದ್ರೆ ಇದು. ಇವಳಿಲ್ಲದಿದ್ರೆ ನಿನ್ನ ಕಿಟಕಿ ಮುಚ್ಚಿಹೋಗ್ತಿತ್ತು."

"ಆ ತೀರ್ಪು ಸತ್ತುಹೋಗಿದೆ ಮಾವ" ಅಂದಳು ದೊಡ್ಡವಳು.

ಎಲ್ಲರೂ ತಿರುಗಿದರು. ಅವಳು ಅಚ್ಚು ಹಾಕಿಸಿಟ್ಟುಕೊಂಡಿದ್ದ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ಕೆಂಪು ಗುರುತಿನ ಮೇಲೆ ಬೆರಳಿಟ್ಟು ತೋರಿಸಿದಳು. "ಮೇಲಿನ ನ್ಯಾಯಾಲಯ ರದ್ದು ಮಾಡಿದೆ. ಎದುರು ಕಡೆಯವರು ಇದನ್ನ ಎತ್ತಿದರೆ ನಾವು ಕೋರ್ಟಲ್ಲಿ ಬೆತ್ತಲೆ."

ಚಿಕ್ಕವಳು ಆ ಹಾಳೆಯನ್ನು ಎಳೆದುಕೊಂಡು ಓದಿದಳು. "ನಾನು ಹುಡುಕಿದ ದಿನ ನೋಡಿದ್ದೆ. ಅವತ್ತು ಸರಿಯಾಗಿತ್ತು" ಅಂದಳು. "ಆಮೇಲೆ ಇನ್ನೊಂದ್ಸಲ ನೋಡ್ಲಿಲ್ಲ."

"ಅಂದ್ರೆ ನನ್ನ ಕೇಸೂ ಸತ್ತುಹೋಯ್ತಾ ಸ್ವಾಮಿ?" ಗಡಿಯಾರದವನು ಎದ್ದೇ ನಿಂತ.

ದೊಡ್ಡವಳು ಈ ಗಳಿಗೆಗಾಗಿ ಹಿಂದಿನ ದಿನದಿಂದ ಕಾದಿದ್ದಳು. ಮಾವ ಈಗ ತನ್ನ ಕಡೆ ತಿರುಗುತ್ತಾರೆ, "ನೀನಿದ್ದೆಯಲ್ಲಾ ಸದ್ಯ" ಅನ್ನುತ್ತಾರೆ ಅಂದುಕೊಂಡಿದ್ದಳು. ಮಾವ ತಿರುಗಿದರು.

"ಯಾವಾಗ ಗೊತ್ತಾಯ್ತು ನಿನಗೆ?"

"ನಿನ್ನೆ ಮಧ್ಯಾಹ್ನ."

"ನಿನ್ನೆ ಮಧ್ಯಾಹ್ನ" ಅಂತ ಮಾವ ಅದನ್ನೇ ಮತ್ತೆ ನಿಧಾನವಾಗಿ ಅಂದರು.

ಚಿಕ್ಕವಳು ತಲೆ ಎತ್ತಿದಳು. "ನಿನ್ನೆ ಸಂಜೆ ನಾನೇ ಬಂದು ಕೇಳಿದೆನಲ್ಲ ಅಕ್ಕ."

ವಾಯಿದೆ ಕಡತದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. 

"ಮೇಲಿನ ತೀರ್ಪನ್ನ ಪೂರ್ತಿ ಓದಿದೆಯಾ?" ಮಾವ ಕೇಳಿದರು.

"ಇಲ್ಲ" ಅಂದಳು ದೊಡ್ಡವಳು. 

"ಇಬ್ಬರೂ ಒಳಗೆ ಹೋಗಿ ಓದಿ. ನ್ಯಾಯಾಧೀಶರು ಬಂದು ಕೂರೋ ತನಕ ಹೊತ್ತಿದೆ. ಏನಪ್ಪಾ, ನೀನು ಕೂತ್ಕೋ. ಯಾವುದೂ ಸತ್ತಿಲ್ಲ."

ಒಳಗೆ ಒಂದೇ ಕಂಪ್ಯೂಟರು, ಎರಡು ಕುರ್ಚಿ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಚಿಕ್ಕವಳು ಆ ಉದ್ದ ತೀರ್ಪಿನಲ್ಲಿ "ಬೆಳಕು" ಎನ್ನುವ ಶಬ್ದ ಎಲ್ಲೆಲ್ಲಿದೆ ಅಂತ ಹುಡುಕಿ, ಒಂದರಿಂದ ಇನ್ನೊಂದಕ್ಕೆ ಹಾರತೊಡಗಿದಳು.  ದೊಡ್ಡವಳು ಸ್ವಲ್ಪ ಹೊತ್ತು ನೋಡಿ, ತಾಳಲಾರದೆ ಅಂದಳು: "ಹಾಗೆ ಕಪ್ಪೆ ಥರ ಹಾರಬೇಡ. ಅವು ಎರಡೂ ಕಡೆಯವರ ವಾದ, ನ್ಯಾಯಾಲಯದ ಮಾತಲ್ಲ. ಕೊನೆಗೆ ಹೋಗು. ಆದೇಶದಿಂದ ಹಿಂದಕ್ಕೆ ಓದು."

ಕೊನೆಯಿಂದ ಹಿಂದಕ್ಕೆ ಓದಿದರು. ದೊಡ್ಡವಳು ಪ್ಯಾರಾ ಗುರುತಿಸಿದಳು, ಚಿಕ್ಕವಳು ಅದರಲ್ಲಿ ಹೇಳಿದ ಬೇರೆ ಪ್ಯಾರಾಗಳನ್ನು ಕ್ಷಣದಲ್ಲಿ ಎಳೆದು ತಂದಳು. ಕೊನೆಯ ಪುಟಗಳ ನಡುವೆ ಅದು ಇತ್ತು. ಮೇಲಿನ ನ್ಯಾಯಾಲಯ ರದ್ದು ಮಾಡಿದ್ದು ಕಸೂತಿಯವನಿಗೆ ಕೊಡಿಸಿದ್ದ ಪರಿಹಾರವನ್ನು ಮಾತ್ರ. ಅದರ ಲೆಕ್ಕಾಚಾರ ತಪ್ಪಾಗಿತ್ತಂತೆ. ಬೆಳಕಿನ ಹಕ್ಕಿನ ಬಗ್ಗೆ ಕೆಳಗಿನವರು ಹೇಳಿದ್ದನ್ನು ಬದಲಿಸಲು ನಮಗೆ ಕಾರಣ ಕಾಣುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದರು.

"ಬದುಕಿದೆ" ಅಂದಳು ಚಿಕ್ಕವಳು. ದೊಡ್ಡವಳ ಕಡೆ ನೋಡದೆ ಕಣ್ಣೊರೆಸಿಕೊಂಡಳು.

ಕೆಂಪು ಕಂಡ ತಕ್ಷಣ ಹೆದರಿ ಓಡಬೇಡಿ ಅಂತ ಅವಳು ಅಂದು ವೇದಿಕೆಯ ಮೇಲೆ ಹೇಳಿದ್ದು ದೊಡ್ಡವಳಿಗೆ ಈಗ ಅರ್ಥವಾಯಿತು. ತಾನು ಹೆದರಿ ಓಡಿದ್ದಲ್ಲ, ಕುಣಿದುಕೊಂಡು ಓಡಿದ್ದು ಅನ್ನಿಸಿ ಮುಖ ಬಿಸಿಯಾಯಿತು.

ಕೋರ್ಟಿನಲ್ಲಿ ಎದುರು ವಕೀಲರು ಮುಂದೆ ಒಂದೇ ಒಂದು ಹಾಳೆ ಇಟ್ಟುಕೊಂಡು ಬೆಕ್ಕಿನ ಹಾಗೆ ಶಾಂತವಾಗಿ ಕೂತಿದ್ದರು. ಉಪನ್ಯಾಸದಲ್ಲಿ ಎರಡನೇ ಸಾಲಿನಲ್ಲಿ ಕೂತು ಶ್ರದ್ಧೆಯಿಂದ ಕೇಳಿದ್ದ ಮನುಷ್ಯ. ಹಾಳೆಯ ಮೂಲೆಯ ಕೆಂಪು ದೂರದಿಂದಲೇ ದೊಡ್ಡವಳ ಕಣ್ಣಿಗೆ ಬಿತ್ತು. ಮಾವ ಎದ್ದವರೇ ಮೊದಲ ಮಾತಿನಲ್ಲೇ ಹೇಳಿಬಿಟ್ಟರು: "ಸ್ವಾಮಿ, ನಾನು ನೆಚ್ಚಿಕೊಂಡ ತೀರ್ಪು ಮೊನ್ನೆ ಮೊನ್ನೆ ಭಾಗಶಃ ರದ್ದಾಗಿದೆ. ಯಾವ ಭಾಗ ಅಂತ ನಾನೇ ಓದಿ ಹೇಳ್ತೀನಿ." ಎದುರು ವಕೀಲರು ತಮ್ಮ ಹಾಳೆಯನ್ನು ಮೆಲ್ಲಗೆ ಕಡತದೊಳಗೆ ಸರಿಸಿದರು. ಆಮೇಲೆ ಅವರು ಏನೇನೋ ವಾದ ಮಾಡಿದರು, ಆದರೆ ಹಲ್ಲು ಕಿತ್ತ ವಾದ. ಮುಂದಿನ ಆದೇಶದವರೆಗೆ ಗೋಡೆಯ ಕೆಲಸ ನಿಲ್ಲಿಸಬೇಕು ಅಂತ ನ್ಯಾಯಾಧೀಶರು ಹೇಳಿದರು. ಗಡಿಯಾರದವನು ಎಲ್ಲರಿಗೂ ಕೈಮುಗಿದ, ಎದುರು ವಕೀಲರಿಗೂ.

ಹೊರಗಿನ ಪಡಸಾಲೆಯಲ್ಲಿ ಎದುರು ವಕೀಲರು ಮಾವನ ಹತ್ತಿರ ಬಂದು, "ಅಷ್ಟು ಹೊಸ ತೀರ್ಪನ್ನ ಹೇಗೆ ಹಿಡಿದ್ರಿ ಸಾರ್?" ಅಂತ ಕೇಳಿದರು.

"ನನ್ನ ಸೊಸೆ ಹಿಡಿದಳು" ಅಂದರು ಮಾವ.

ಸೊಸೆಯರಿಬ್ಬರೂ ಅಲ್ಲೇ, ಅವರ ಎಡಕ್ಕೊಬ್ಬಳು ಬಲಕ್ಕೊಬ್ಬಳು ನಿಂತಿದ್ದರು. ಮಾವ ಯಾರ ಕಡೆಗೂ ತಿರುಗಲಿಲ್ಲ. ಆ ಒಂದು ಮಾತಿಗೆ ದೊಡ್ಡವಳು ದಾರಿಯುದ್ದಕ್ಕೂ ಒದ್ದಾಡಿದಳು. ಮನೆ ಬಂತು. ಮಾವ ಕರಿಕೋಟು ಬಿಚ್ಚಿ ಕೊಡುವಾಗ ತಡೆಯಲಾರದೆ ಕೇಳಿಯೇಬಿಟ್ಟಳು.

"ಯಾವ ಸೊಸೆ ಮಾವ?"

ಅಷ್ಟು ಹೊತ್ತು ಮಾವ ತಡೆದಿಟ್ಟಿದ್ದ ಸಿಟ್ಟು ಆಗ ಹೊರಗೆ ಬಂತು. "ನಾಚಿಕೆ ಆಗಲ್ವಾ ಕೇಳೋಕೆ? ನಿನ್ನನ್ನ ನಾನು ತಿದ್ದಿ ತೀಡಿದ್ದು ಇದಕ್ಕಾ? ಕಕ್ಷಿದಾರ ನಮ್ಮ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತಿದ್ದಾನೆ, ನೀನು ಮನೆಯವಳ ಮೂಗು ಕುಯ್ಯೋಕೆ ಅವನ ಕೇಸನ್ನ ಕತ್ತಿ ಮಾಡ್ಕೋತೀಯಾ? ಇನ್ನೊಂದ್ಸಲ ಹೀಗೆ ಮಾಡಿದ್ರೆ ನನ್ನ ಆಫೀಸಿನ ಮೆಟ್ಟಿಲು ಹತ್ತಬೇಡ!" ಅವರ ಕೂಗು ಮಹಡಿಯವರೆಗೂ ಕೇಳಿಸಿತು. ದೊಡ್ಡವಳು ಕೋಟನ್ನು ಎದೆಗವಚಿಕೊಂಡು ನಿಂತಲ್ಲೇ ನಿಂತಳು.

ಆಮೇಲೆ ಬಹಳ ದಿನ ಓರಗಿತ್ತಿಯರ ನಡುವೆ "ಬಾಗಿಲು ಹಾಕು", "ಫೋನು ಬಂದಿದೆ" ಬಿಟ್ಟರೆ ಬೇರೆ ಮಾತಿರಲಿಲ್ಲ. ಮಾತಾಡಿಸಲು ದೊಡ್ಡವಳು ಎಷ್ಟೋ ಸಲ ಚಿಕ್ಕವಳ ಕೋಣೆಯವರೆಗೂ ಹೋದಳು. ಬಾಗಿಲು ದಾಟಲಾಗದೆ ವಾಪಸು ಬಂದಳು. ಒಂದು ಮಧ್ಯಾಹ್ನ ಚಿಕ್ಕವಳೇ ಬಂದು, ಹಾಳೆಗಳ ಕಟ್ಟೊಂದನ್ನು ಅವಳ ಮೇಜಿನ ಮೇಲೆ ಧೊಪ್ಪನೆ ಹಾಕಿದಳು.

"ಇದನ್ನ ಓದಿ. ನನ್ನ ಮೇಲಿನ ಉರಿ ಇಟ್ಕೊಂಡೇ ಓದಿ. ಪ್ರೀತಿಯಿಂದ ಓದೋರ ಕಣ್ಣಿಗೆ ತಪ್ಪು ಬೀಳಲ್ಲ."

ದೊಡ್ಡವಳು ಹಾಳೆಗಳ ಅಂಚು ಸರಿಮಾಡುತ್ತ ಕೂತಳು. ಕೊನೆಗೆ, "ಹೊಟ್ಟೆ ಉರೀತಿತ್ತು ಕಣೇ. ತಪ್ಪು ನಂದೇ. ಆ ಸಂಜೆ ಬಾಗಿಲಲ್ಲೇ ಹೇಳಬೇಕಿತ್ತು" ಅಂದಳು.

"ಉರಿ ನಿಮಗೊಬ್ಬರಿಗೇನಾ?" ಚಿಕ್ಕವಳು ಕುರ್ಚಿ ಎಳೆದುಕೊಂಡು ಕೂತಳು. "ಅವತ್ತು ಮಾವ ನಿಮ್ಮ ಮೇಲೆ ಕೂಗಾಡಿದರಲ್ಲ, ನಾನು ಮೇಲೆ ನಿಂತು ಕೇಳಿಸ್ಕೋತಿದ್ದೆ. ಖುಷಿ ಆಗಬೇಕಿತ್ತು. ಆಗ್ಲಿಲ್ಲ. ಆ ತಪ್ಪು ನಂದೂ ಹೌದು, ಇನ್ನೊಂದ್ಸಲ ನೋಡದೆ ಬಿಟ್ಟವಳು ನಾನು. ನನಗೆ ಒಂದು ಮಾತೂ ಅನ್ಲಿಲ್ಲ ಅವರು. 'ಪರವಾಗಿಲ್ಲಮ್ಮ' ಅಂದ್ರು. ನಾನು ಬಂದಾಗಿಂದ ಬರೀ ಪರವಾಗಿಲ್ಲಮ್ಮ. ನೆಂಟರ ಮೇಲೆ ಯಾರಾದ್ರೂ ಸಿಟ್ಟಾಗ್ತಾರಾ ಅಕ್ಕ?"

ದೊಡ್ಡವಳು ಪೆನ್ಸಿಲು ತೆಗೆದುಕೊಂಡು ಓದತೊಡಗಿದಳು. ಮೂರನೆಯ ಪುಟದಲ್ಲಿ ಒಂದು ತಪ್ಪು ಸಿಕ್ಕಿತು, ಇಸವಿ ಹಿಂದುಮುಂದಾಗಿತ್ತು. ಸಿಕ್ಕಿದ್ದಕ್ಕೆ ಸಂತೋಷವೂ ಆಯಿತು, ಅದನ್ನು ಮುಚ್ಚಿಡಲೂ ಇಲ್ಲ. "ಇದೇನೇ ಇದು, ಕಣ್ಣು ಎಲ್ಲಿತ್ತು?" ಅಂದಳು. ಚಿಕ್ಕವಳು ನಾಲಿಗೆ ಕಚ್ಚಿಕೊಂಡು ತಿದ್ದಿದಳು.

ಅಲ್ಲಿಂದ ಮುಂದೆ ದೊಡ್ಡವಳು ಓದದ ಒಂದು ಹಾಳೆಯೂ ಆ ಆಫೀಸಿನಿಂದ ಹೊರಗೆ ಹೋಗಲಿಲ್ಲ. ಕೋರ್ಟಿಗೆ ಹೋಗುವ ದಿನ ಬೆಳಿಗ್ಗೆ ಪ್ರತಿ ತೀರ್ಪನ್ನೂ ಇನ್ನೊಮ್ಮೆ ತೆರೆದು, ಆದೇಶದಿಂದ ಹಿಂದಕ್ಕೆ ಇಬ್ಬರೂ ಓದುವುದು ಅಲ್ಲಿನ ರೂಢಿಯಾಯಿತು. ವಾಯಿದೆ ಮಾತ್ರ ಇದರಿಂದ ತನ್ನ ಕೆಲಸ ಇಮ್ಮಡಿಯಾಯಿತು ಅಂತ ಗೊಣಗಿದ.

ಹೊಟ್ಟೆಕಿಚ್ಚು ಆರಿಹೋಯಿತು ಅಂದರೆ ಸುಳ್ಳಾಗುತ್ತದೆ. ಒಂದು ದಿನ ಚಿಕ್ಕವಳು ಮೇಲ್ಮನವಿ ಹಾಕುವ ಗಡುವನ್ನು ಮರೆತು, ಕೊನೆಯ ಗಳಿಗೆಯಲ್ಲಿ ಓಡಾಡಿ ಹೇಗೋ ಹಾಕಿಬಂದಳು. ಒಳಗಿನಿಂದ ಮಾವನ ಗುಡುಗು ಕೇಳಿಸಿತು: "ಬುದ್ಧಿ ಎಲ್ಲಿಟ್ಟಿದ್ದೆ? ಇದೇನು ಆಟ ಅಂದ್ಕೊಂಡಿದ್ದೀಯಾ?" ಬಾಗಿಲು ತೆರೆದು ಚಿಕ್ಕವಳು ಹೊರಗೆ ಬಂದಳು. ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ಅರಳಿತ್ತು. "ಬೈದ್ರು ಅಕ್ಕ!" ಅಂತ ಪಿಸುಗುಟ್ಟಿ ಮಹಡಿ ಹತ್ತಿ ಓಡಿದಳು.

ದೊಡ್ಡವಳು ನಕ್ಕಳು. ನಕ್ಕು, ಹಾಳೆಗೆ ತಲೆ ಬಾಗಿಸಿದಳು. ಮಾವ ಅಷ್ಟು ಗಟ್ಟಿಯಾಗಿ ತನಗೆ ಬೈದು ಎಷ್ಟು ದಿನವಾಯಿತು ಅಂತ ನೆನಪಾಗಿ, ಅವಳ ಹೊಟ್ಟೆಯಲ್ಲಿ ಚುರ್ರೆಂದಿತು.